ಸೋತವರೇ ಗೆದ್ದರೆ? ಗನ್‌ಡಮ್ ಅಭಿಮಾನಿಗಳ ಜಗಳದ ಒಳಹೊರಗು

2025ರ ಏಪ್ರಿಲ್‌ನಿಂದ ಜೂನ್‌ವರೆಗೆ ಜಪಾನ್‌ನ ನಿಪ್ಪಾನ್ ಟಿವಿಯಲ್ಲಿ ಮಂಗಳವಾರದ ನಡುರಾತ್ರಿ ಒಂದು ಅನಿಮೆ ಧಾರಾವಾಹಿ ಬರುತ್ತಿತ್ತು. ಹೆಸರು 'ಮೊಬೈಲ್ ಸೂಟ್ ಗನ್‌ಡಮ್ ಜೀಕ್ವಾಕ್ಸ್'. 1979ರಲ್ಲಿ ಶುರುವಾದ, ರೋಬೋ ಯುದ್ಧದ ಕಥೆಮಾಲೆ 'ಗನ್‌ಡಮ್'ನ ಹೊಸ ಕೊಂಡಿ ಅದು. ಅದರಲ್ಲಿ ಜಿಯೋನ್ ಎಂಬ ಬಾಹ್ಯಾಕಾಶ ರಾಜ್ಯ ಯುದ್ಧ ಗೆದ್ದು ಐದು ವರ್ಷ ಆಗಿದೆ. 2026ರ ಜನವರಿಯಲ್ಲಿ ಅದೇ ಕಂಪನಿಯ 'ಹ್ಯಾಥವೇ' ಸರಣಿಯ ಎರಡನೇ ಸಿನಿಮಾ ಜಪಾನ್‌ನಲ್ಲಿ ತೆರೆಗೆ ಬಂತು. ಅದರಲ್ಲಿ ಅದೇ ಜಿಯೋನ್ ಸೋತು ಇಪ್ಪತ್ತೈದು ವರ್ಷ ಕಳೆದಿದೆ. ಎರಡರಲ್ಲೂ ಶಕೆ ಒಂದೇ, 'ಯೂನಿವರ್ಸಲ್ ಸೆಂಚುರಿ'. ಯುದ್ಧವೂ ಅದೇ. ಗೆದ್ದವರು ಮಾತ್ರ ಬೇರೆ.

ಹೊಸದಾಗಿ ನೋಡಲು ಕೂತವರಿಗೆ ತಲೆ ತಿರುಗುವುದು ಸಹಜ. ಯಾವುದು ಅಸಲಿ? ಹಳೆಯದನ್ನು ಕಂಪನಿ ಅಳಿಸಿಬಿಟ್ಟಿತಾ? ಹಳೆ ಅಭಿಮಾನಿಗಳನ್ನು ಕೇಳಿದರೆ ಉತ್ತರಕ್ಕಿಂತ ಮೊದಲು ಜಗಳ ಸಿಗುತ್ತದೆ. ಒಬ್ಬರು 'ಇದು ಗನ್‌ಡಮ್ಮೇ ಅಲ್ಲ' ಎನ್ನುತ್ತಾರೆ. ಇನ್ನೊಬ್ಬರಿಗೆ ಇಷ್ಟು ಗನ್‌ಡಮ್ ಆಗಿರುವ ಗನ್‌ಡಮ್ ಈಚೆಗೆ ಬಂದೇ ಇಲ್ಲ. ಮೇಲ್ನೋಟಕ್ಕೆ ಇದು ಕಥೆಯ ಕಾಲಾನುಕ್ರಮದ ತಕರಾರು. ಒಳಗೆ ಇಣುಕಿದರೆ ಇದು ಪಾಲಿನ ಜಗಳ. ನಲವತ್ತೈದು ವರ್ಷಕ್ಕೂ ಮೀರಿದ ಈ ಆಸ್ತಿ ಯಾವ ತಲೆಮಾರಿಗೆ ಸೇರಿದ್ದು ಅನ್ನುವುದೇ ಅದರ ತಿರುಳು.

(ಮುಂದೆ ಕಥೆಯ ಗುಟ್ಟುಗಳಿವೆ. ನೋಡಿಯೇ ತಿಳಿಯಬೇಕು ಅನ್ನುವವರು ಇಲ್ಲೇ ನಿಲ್ಲಬಹುದು.)

ಮೊದಲು, ಹಳೆ ಕಥೆ

ಮೂಲ 'ಮೊಬೈಲ್ ಸೂಟ್ ಗನ್‌ಡಮ್' ಶುರುವಾದದ್ದು 1979ರ ಏಪ್ರಿಲ್ 7ರಂದು. ನಿರ್ದೇಶಕ ಯೋಶಿಯುಕಿ ಟೊಮಿನೊ. ಜನಸಂಖ್ಯೆ ಮಿತಿಮೀರಿ ಮನುಷ್ಯರು ಬಾಹ್ಯಾಕಾಶದ ದೊಡ್ಡ ದೊಡ್ಡ ಕೊಳವೆಯಂಥ ವಸಾಹತುಗಳಲ್ಲಿ ಬದುಕುತ್ತಿದ್ದಾರೆ. ಭೂಮಿಯಲ್ಲಿ ಕೂತ ಒಕ್ಕೂಟ ಸರ್ಕಾರ ಅವರನ್ನು ಆಳುತ್ತದೆ. ಭೂಮಿಗೆ ಎಲ್ಲಕ್ಕಿಂತ ದೂರದ ವಸಾಹತು ಜಿಯೋನ್ ಹೆಸರಿನಲ್ಲಿ ಸ್ವಾತಂತ್ರ್ಯ ಸಾರಿ ಯುದ್ಧ ಹೂಡುತ್ತದೆ. ಒಂದು ತಿಂಗಳು ಚಿಲ್ಲರೆಯಲ್ಲಿ ಎರಡೂ ಕಡೆ ಸೇರಿ ಅರ್ಧ ಮನುಕುಲವೇ ಸಾಯುತ್ತದೆ. ಕಂತಿನ ಆರಂಭದ ನಿರೂಪಣೆಯಲ್ಲೇ ಇದನ್ನು ಹೇಳುತ್ತಿದ್ದರು. ತಾವು ಮಾಡಿದ್ದಕ್ಕೆ ಜನ ತಾವೇ ಬೆಚ್ಚಿಬಿದ್ದರು ಎಂಬ ಮಾತೂ ಅದರಲ್ಲಿತ್ತು. ಸಂಜೆ ಐದೂವರೆಗೆ, ಮಕ್ಕಳು ನೋಡುವ ಹೊತ್ತಿನಲ್ಲಿ!

ಅದಕ್ಕೂ ಹಿಂದಿನ ರೋಬೋ ಕಥೆಗಳಲ್ಲಿ ರೋಬೋ ಅಂದರೆ ಹೆಚ್ಚುಕಡಿಮೆ ಒಬ್ಬ ವೀರ. ವಾರಕ್ಕೊಬ್ಬ ರಾಕ್ಷಸ ಬರುತ್ತಾನೆ, ವೀರ ಹೊಡೆದು ಹಾಕುತ್ತಾನೆ. ಗನ್‌ಡಮ್‌ನಲ್ಲಿ ರೋಬೋ ಒಂದು ಆಯುಧ. ಕಾರ್ಖಾನೆಯಲ್ಲಿ ತಯಾರಾಗುತ್ತದೆ, ಕೆಡುತ್ತದೆ, ಗುಂಡು ಖಾಲಿಯಾಗುತ್ತದೆ. ಎದುರಾಳಿ ಸೈನಿಕನಿಗೂ ಮನೆಯಿದೆ, ಹೆಂಡತಿಯಿದ್ದಾಳೆ, ಅವನದ್ದೂ ಒಂದು ನ್ಯಾಯವಿದೆ. ಭೂಮಿಯ ಕಡೆಯ ಹುಡುಗ ಅಮುರೊ ರೇ, ಜಿಯೋನ್ ಕಡೆಯ ಮುಖವಾಡದ ಯೋಧ ಶಾರ್ ಅಜ್ನಬಲ್. ಇವರಿಬ್ಬರ ನಡುವೆ ಲಾಲಾ ಸೂನ್ ಎಂಬ ಹುಡುಗಿ. ಹಣೆಯಲ್ಲಿ ಬೊಟ್ಟು, ಕಂದು ಬಣ್ಣ, ಭಾರತದ ಮೂಲವನ್ನು ನೆನಪಿಸುವ ರೂಪ. 41ನೇ ಕಂತಿನಲ್ಲಿ ಶಾರ್‌ನನ್ನು ಉಳಿಸಲು ಅಡ್ಡ ಬಂದು ಅಮುರೊನ ಕೈಯಲ್ಲಿ ಸಾಯುತ್ತಾಳೆ. ಆ ಗಾಯ ಇಬ್ಬರಿಗೂ ಮಾಯುವುದಿಲ್ಲ. ಇದೇ ಕಥೆಯನ್ನು ಮುಂದುವರಿಸಿದ 1988ರ ಸಿನಿಮಾದ ಕೊನೆಯಲ್ಲೂ ಇಬ್ಬರೂ ಅವಳ ವಿಷಯಕ್ಕೇ ಕಚ್ಚಾಡುತ್ತಾ ಮರೆಯಾಗುತ್ತಾರೆ.

ಲಾಲಾಳನ್ನು ನೆನಪಿಟ್ಟುಕೊಳ್ಳಿ. ಜೀಕ್ವಾಕ್ಸ್‌ನ ಬೀಗದ ಕೈ ಅವಳ ಹತ್ತಿರ ಇದೆ.

ಜೀಕ್ವಾಕ್ಸ್ ಎಲ್ಲಿ ತಿರುಗಿತು

1979ರ ಮೊದಲ ಕಂತು ಅಭಿಮಾನಿಗಳಿಗೆ ಬಾಯಿಪಾಠ. ಜಿಯೋನ್‌ನ ಮೂರು ಹಸಿರು ಝಾಕು ಯಂತ್ರಗಳು ಸೈಡ್ 7 ಎಂಬ ವಸಾಹತಿಗೆ ಬರುತ್ತವೆ. ಬರೀ ನೋಡಿಕೊಂಡು ಬನ್ನಿ ಅಂತ ಕಳಿಸಿದ್ದು. ಆದರೆ ಜೀನ್ ಎಂಬ ಹೊಸ ಸೈನಿಕ ಹೆಸರು ಗಳಿಸುವ ಆತುರದಲ್ಲಿ ಗುಂಡು ಹಾರಿಸುತ್ತಾನೆ. ಗಲಾಟೆಯಲ್ಲಿ ಅಮುರೊ ಭೂಮಿಯ ಕಡೆಯವರ ಹೊಸ ರೋಬೋ ಬಿಳಿ ಗನ್‌ಡಮ್ ಹತ್ತಿ, ಕೈಪಿಡಿ ತಿರುವುತ್ತಲೇ ಅದನ್ನು ನಡೆಸುತ್ತಾನೆ. ಯುದ್ಧದ ದಿಕ್ಕು ಬದಲಾಗುವುದು ಅಲ್ಲಿಂದ.

ಜೀಕ್ವಾಕ್ಸ್ ತಿರುಗಿಸಿದ್ದು ಈ ಒಂದೇ ಕೀಲನ್ನು. ಇಲ್ಲಿ ಶಾರ್ ತಾನೇ ಸೈಡ್ 7ರ ಒಳಗೆ ಬರುತ್ತಾನೆ. ಖಾಲಿ ನಿಂತ ಗನ್‌ಡಮ್ ಕಾಣುತ್ತಾನೆ, ಹತ್ತಿ ಕೂರುತ್ತಾನೆ, ಕದ್ದೊಯ್ಯುತ್ತಾನೆ. ಅಮುರೊ ಕಥೆಗೆ ಬರುವುದೇ ಇಲ್ಲ. ಬಿಳಿ ಗನ್‌ಡಮ್‌ಗೆ ಶಾರ್‌ನ ಕೆಂಪು ಬಣ್ಣ ಬಳಿದು ಜಿಯೋನ್ ಯುದ್ಧ ಗೆಲ್ಲುತ್ತದೆ. ಶಾರ್ ನಿಗೂಢವಾಗಿ ಮಾಯವಾಗುತ್ತಾನೆ.

ಇದನ್ನು ತೋರಿಸಿದ ರೀತಿ ಇನ್ನೂ ಕಿತಾಪತಿಯದು. 2025ರ ಜನವರಿ 17ರಂದು, ಟಿವಿಗೂ ಮೊದಲು, ಆರಂಭದ ಭಾಗಗಳನ್ನು ಸಿನಿಮಾ ಮಾಡಿ ಚಿತ್ರಮಂದಿರಕ್ಕೆ ಬಿಟ್ಟರು. ಪ್ರಚಾರದಲ್ಲಿ ಕಂಡದ್ದೆಲ್ಲ ಹೊಸ ಹುಡುಗಿ, ಹೊಸ ರೋಬೋ, ಹೊಳೆಯುವ ಬಣ್ಣಗಳು. ಜನ ಹೋಗಿ ಕೂತರೆ ತೆರೆಯ ಮೇಲೆ 1979. ಹಳೆಯ ಕೋನಗಳು, ಹಳೆಯ ಹಿನ್ನೆಲೆ ಸಂಗೀತ, ಹಳೆಯ ಯಂತ್ರಗಳು. ಹಳಬರಿಗೆ ರೋಮಾಂಚನ. ಹೊಸಬರಿಗೆ ಯಾರು ಯಾರೆಂದೇ ತಿಳಿಯದ ಗೊಂದಲ. ಟಿವಿಗೆ ಬರುವಾಗ ತಯಾರಕರು ಇದನ್ನು ಹಿಂದುಮುಂದು ಮಾಡಿದರು. ಮೊದಲ ಕಂತು ಹೊಸ ಹುಡುಗಿಗೆ, ಹಳೆ ಯುದ್ಧ ಎರಡನೇ ಕಂತಿಗೆ. ಹೊಸ ನೋಡುಗರ ಕಷ್ಟ ಅವರಿಗೂ ಗೊತ್ತಿತ್ತು ಅನ್ನಲು ಈ ಅದಲುಬದಲೇ ಸಾಕು.

ಹೊಸ ಕಥೆಯ ನಾಯಕಿ ಅಮಾತೆ ಯುಜುರಿಹಾ, ಕರೆಯುವ ಹೆಸರು ಮಾಚು. ತಟಸ್ಥ ವಸಾಹತಿನ ಶಾಲಾ ಹುಡುಗಿ. ನಿರಾಶ್ರಿತೆ ನ್ಯಾನ್ ಮತ್ತು ಗೋಡೆಗೆ ಚಿತ್ರ ಬಳಿಯುವ ಹುಡುಗ ಶೂಜಿಯ ಪರಿಚಯದಿಂದ ಅವಳು 'ಕ್ಲಾನ್ ಬ್ಯಾಟಲ್' ಎಂಬ ಕಳ್ಳ ಕಾಳಗಕ್ಕೆ ಇಳಿಯುತ್ತಾಳೆ. ಜೋಡಿಗೆ ಜೋಡಿ ಎದುರಾಗಿ ರೋಬೋಗಳಲ್ಲಿ ಹೊಡೆದಾಡುವುದು, ಮೇಲೆ ಬಾಜಿ ಕಟ್ಟುವುದು. ಕಥೆ ಅಲ್ಲಿಂದ ದೊಡ್ಡವರ ರಾಜಕೀಯಕ್ಕೆ ಜಾರುತ್ತದೆ.

ಕೊನೆಗೆ ಗುಟ್ಟು ಬಿಚ್ಚುತ್ತದೆ. ಇನ್ನೊಂದು ಲೋಕದ ಲಾಲಾ ಶಾರ್ ಸಾಯದಿರುವ ಲೋಕಕ್ಕಾಗಿ ಹಂಬಲಿಸಿ ಮತ್ತೆ ಮತ್ತೆ ಬೇರೆ ಬೇರೆ ಲೋಕಗಳನ್ನು ಕಾಣುತ್ತಿದ್ದಾಳೆ. ಜಿಯೋನ್ ಗೆದ್ದ ಈ ಲೋಕವೂ ಹಾಗೆ ಹುಟ್ಟಿದ್ದು. ಅಂದರೆ 1979ರ ಲೋಕ ಅಳಿದಿಲ್ಲ, ಆಚೆ ದಡದಲ್ಲಿ ಇದ್ದ ಹಾಗೇ ಇದೆ. 11ನೇ ಕಂತಿನ ಕೊನೆಗೆ ಆ ಕಡೆಯಿಂದ ಬಿಳಿ ಗನ್‌ಡಮ್ಮೇ ಈ ಕಡೆಗೆ ಬಂದು ನಿಲ್ಲುತ್ತದೆ, 1988ರ ಸಿನಿಮಾದ ಹಾಡಿನ ಜೊತೆ.

ಹಾಗಾಗಿ 'ಕಂಪನಿ ಹಳೆಯದನ್ನು ಅಳಿಸಿತಾ' ಅನ್ನುವ ಪ್ರಶ್ನೆಗೆ ಉತ್ತರ ಸುಲಭ. ಇಲ್ಲ. 'ಹ್ಯಾಥವೇ' ಹಳೆಯ ದಾರಿಯಲ್ಲೇ ಮುಂದುವರಿದಿದೆ, ಜೀಕ್ವಾಕ್ಸ್ ಅದರ ಪಕ್ಕದ ಕವಲು. ಉತ್ತರ ಇಷ್ಟು ಸುಲಭವಾಗಿದ್ದರೂ ಜಗಳ ನಿಲ್ಲಲಿಲ್ಲ. ತಕರಾರು ಕಾಲಾನುಕ್ರಮದ್ದಲ್ಲ ಅನ್ನಲು ಇದೇ ಸಾಕ್ಷಿ.

ಯಾರ ವಾದ ಏನು

ಗಟ್ಟಿ ದನಿಯ ಆಕ್ಷೇಪ ಹಳೆ ಇತಿಹಾಸವನ್ನು ಕಾಯುವವರದು. ಅವರ ಪಾಲಿಗೆ ಯೂನಿವರ್ಸಲ್ ಸೆಂಚುರಿ ಒಂದು ಕಥೆಗಿಂತ ಜಾಸ್ತಿ. ದಿನಾಂಕ, ನೌಕೆ, ಒಪ್ಪಂದ, ಸೇನಾ ಹುದ್ದೆಗಳನ್ನೆಲ್ಲ ದಶಕಗಳಿಂದ ಸೇರಿಸಿ ಕಟ್ಟಿದ ಲೋಕ ಅದು. ಅಲ್ಲಿ ಸೋಲಿಗೆ ತೂಕವಿದೆ. ಲಾಲಾ ಸತ್ತಳು, ಮತ್ತೆ ಬರಲಿಲ್ಲ, ಆದ್ದರಿಂದಲೇ ಆ ಸಾವು ನೋಯಿಸಿತು. ಈಗ ಅನೇಕ ಲೋಕಗಳಿವೆ, ಒಂದರಲ್ಲಿ ಸತ್ತವರು ಇನ್ನೊಂದರಲ್ಲಿ ಬದುಕಿರುತ್ತಾರೆ ಅಂದರೆ ಆ ಸಾವಿಗೇನು ಬೆಲೆ? ಈ ವಾದವನ್ನು ಮುದುಕರ ಗೊಣಗಾಟ ಅಂತ ಸುಮ್ನೆ ತಳ್ಳಿಹಾಕುವ ಹಾಗಿಲ್ಲ.

ಮೆಚ್ಚಿದವರು ಹೇಳುವುದು ಇದಕ್ಕೆ ತದ್ವಿರುದ್ಧ. ಹಳೆ ಯುದ್ಧದ ಸಂದುಗೊಂದುಗಳಲ್ಲಿ ಇನ್ನೊಂದು ಕಥೆ, ಮತ್ತೊಂದು ಕಥೆ ಅಂತ ತುರುಕಿ ತುರುಕಿ ಜಾಗವೇ ಉಳಿದಿಲ್ಲ. ಯಾರು ಗೆಲ್ಲುತ್ತಾರೆ ಅಂತ ಮೊದಲೇ ಗೊತ್ತಿರುವ ಯುದ್ಧದಲ್ಲಿ ಕುತೂಹಲ ಎಲ್ಲಿಂದ ಬರಬೇಕು? ಜೀಕ್ವಾಕ್ಸ್ ಆ ಕಟ್ಟನ್ನು ಬಿಚ್ಚಿತು. ಹಳೆ ಧಾರಾವಾಹಿಯಲ್ಲಿ ಒಂದೇ ಕಂತಿಗೆ ಬಂದು ಸತ್ತ ಶಾಲಿಯಾ ಬುಲ್ ಇಲ್ಲಿ ಕಥೆಯ ಬೆನ್ನೆಲುಬು. ಇದು ಹಳೆಯದನ್ನು ಅಷ್ಟು ಪ್ರೀತಿಸಿದವರಿಗೆ ಮಾತ್ರ ಹೊಳೆಯುವ ಆಯ್ಕೆ.

ಅದು ನಿಜವೂ ಹೌದು. ನಿರ್ದೇಶಕ ಕಝುಯಾ ತ್ಸುರುಮಾಕಿ, ಬರವಣಿಗೆ ಯೋಜಿ ಎನೊಕಿದೊ ಮತ್ತು ಹಿದೆಆಕಿ ಅನ್ನೊ. ಗನ್‌ಡಮ್ ತಯಾರಿಸುವ ಸ್ಟುಡಿಯೊ ಸನ್‌ರೈಸ್ ಜೊತೆ ಕೈಜೋಡಿಸಿದ್ದು ಅನ್ನೊನ ಸ್ಟುಡಿಯೊ ಖಾರಾ. ಹೆಸರಾಂತ ಅನಿಮೆ 'ಇವಾಂಗೆಲಿಯನ್' ಮಾಡಿದ ಅನ್ನೊ 1988ರ ಗನ್‌ಡಮ್ ಸಿನಿಮಾದ ತಂಡದಲ್ಲಿದ್ದ. ಆಮೇಲೆ ಆ ಸಿನಿಮಾದ ಬಗ್ಗೆ ಒಂದು ಅಭಿಮಾನಿ ಪುಸ್ತಕವನ್ನೇ ಸಂಪಾದಿಸಿದ. ಗಾಡ್ಜಿಲ್ಲಾ, ಅಲ್ಟ್ರಾಮ್ಯಾನ್, ಕಾಮೆನ್ ರೈಡರ್ ಹೀಗೆ ತನ್ನ ಬಾಲ್ಯದ ದೈವಗಳನ್ನೆಲ್ಲ ಒಂದೊಂದಾಗಿ ಮರುಸೃಷ್ಟಿಸಿದವ. ಆದ್ದರಿಂದಲೇ ಮೂರನೆಯ ಗುಂಪು ಹೇಳುವ ಮಾತು ಚುಚ್ಚುತ್ತದೆ. ಇದು ಅಭಿಮಾನಿ ಬರೆದ ಅಭಿಮಾನಿ ಕಥೆ, ಅದಕ್ಕೆ ಅಧಿಕೃತ ಮೊಹರು ಬಿದ್ದಿದೆ ಅಷ್ಟೇ ಅನ್ನುತ್ತಾರೆ ಅವರು. ಮಾಚು, ನ್ಯಾನ್, ಶೂಜಿಗಾಗಿ ನೋಡಲು ಬಂದ ಹೊಸ ನೋಡುಗರು ಇವರಲ್ಲಿ ಹೆಚ್ಚು. ಅವರ ದೂರು ಸರಳ: ನಮ್ಮ ಹುಡುಗಿಯರ ಕಥೆಯ ಸಮಯವನ್ನು ಹಳಬರ ನೆನಪು ತಿಂದುಹಾಕಿತು.

ಮೂರರಲ್ಲಿ ಇದೇ ಹೆಚ್ಚು ಗಟ್ಟಿಯಾದ ದೂರು ಅನ್ನುವುದು ನನ್ನ ಅನಿಸಿಕೆ. ಕಾರಣಕ್ಕೆ ಆಮೇಲೆ ಬರೋಣ.

'ಅಸಲಿ ಇತಿಹಾಸ' ಯಾವಾಗ ಇತ್ತು?

ಹಳೆ ಇತಿಹಾಸವನ್ನು ಕಾಯುವವರಿಗೆ ಒಂದು ತೊಡಕಿದೆ. ಅವರು ಕಾಯುತ್ತಿರುವ ಇತಿಹಾಸ ಯಾವತ್ತೂ ಒಂದೇ ಆಗಿರಲಿಲ್ಲ. ಅದನ್ನು ಮೊದಲು ಮುರಿದವನು ಟೊಮಿನೊನೇ.

ಧಾರಾವಾಹಿ ಬರುತ್ತಿದ್ದ ವರ್ಷವೇ ಅವನು ಅದನ್ನು ಕಾದಂಬರಿಯಾಗಿ ಬರೆಯಲು ಶುರು ಮಾಡಿದ. ಟಿವಿಯಲ್ಲಿ ಬದುಕುಳಿಯುವ ಅಮುರೊ ಆ ಕಾದಂಬರಿಯಲ್ಲಿ ಸಾಯುತ್ತಾನೆ. 1981 ಮತ್ತು 82ರಲ್ಲಿ ಟಿವಿ ಕಂತುಗಳನ್ನು ಕತ್ತರಿಸಿ ಜೋಡಿಸಿ ಮೂರು ಸಿನಿಮಾ ಮಾಡಿದರು. ಅವುಗಳಲ್ಲಿ ಆಟಿಕೆಯಂತೆ ಕಾಣುವ ಕೆಲವು ಯಂತ್ರಗಳು ಮಾಯವಾಗಿ ಬೇರೆಯವು ಬಂದವು. 1985ರ 'ಝೀಟಾ ಗನ್‌ಡಮ್' ನಾಯಕ ಕಮೀಲ್ ಬುದ್ಧಿ ಕಳೆದುಕೊಳ್ಳುವುದರೊಂದಿಗೆ ಮುಗಿದಿತ್ತು. ಇಪ್ಪತ್ತು ವರ್ಷದ ಮೇಲೆ ಅದೇ ಕಥೆಯ ಸಿನಿಮಾಗಳನ್ನು ಮಾಡುವಾಗ ಟೊಮಿನೊ ಆ ಅಂತ್ಯವನ್ನೇ ಬದಲಿಸಿ ಅವನನ್ನು ಉಳಿಸಿದ.

'ಹ್ಯಾಥವೇ' ಇದಕ್ಕಿಂತ ಸ್ವಾರಸ್ಯದ ಉದಾಹರಣೆ. ಹಳೆ ಇತಿಹಾಸಕ್ಕೆ ನಿಷ್ಠವಾದ ಕೃತಿ ಅಂತ ಅಭಿಮಾನಿಗಳು ಇದನ್ನೇ ಮುಂದಿಡುತ್ತಾರೆ. ಆದರೆ ಅದಕ್ಕೆ ಆಧಾರವಾದ ಟೊಮಿನೊನ ಕಾದಂಬರಿ 1988ರ ಸಿನಿಮಾದ ಮುಂದುವರಿಕೆ ಅಲ್ಲ. ಆ ಸಿನಿಮಾಗೆ ಟೊಮಿನೊ ಬರೆದ ಇನ್ನೊಂದು ಕಾದಂಬರಿ ರೂಪ ಇತ್ತು, ಇದು ಅದರ ಮುಂದುವರಿಕೆ. ಆ ಕಾದಂಬರಿ ರೂಪದಲ್ಲಿ ಹ್ಯಾಥವೇ ಎಂಬ ಹುಡುಗ ತಾನು ಮೆಚ್ಚಿದ ಹುಡುಗಿ ಕ್ವೆಸ್‌ಳನ್ನು ತನ್ನ ಕೈಯಾರೆ ಕೊಲ್ಲುತ್ತಾನೆ. ಸಿನಿಮಾದಲ್ಲಿ ಅವಳನ್ನು ಕೊಲ್ಲುವುದು ಅವನದೇ ಕಡೆಯ ಚಾನ್ ಎಂಬಾಕೆ. ಹ್ಯಾಥವೇ ಕೋಪದಲ್ಲಿ ಚಾನ್‌ಳನ್ನು ಕೊಲ್ಲುತ್ತಾನೆ. ಅವನ ಮನಸ್ಸಿನ ಹುಣ್ಣು ಯಾವುದರಿಂದ ಆದದ್ದು ಅನ್ನುವುದೇ ಎರಡು ದಾರಿಗಳಲ್ಲಿ ಎರಡು ಥರ. 2021ರಿಂದ ಬರುತ್ತಿರುವ ಸಿನಿಮಾಗಳು ಕಾದಂಬರಿಯ ಕಥೆಯನ್ನು ಎತ್ತಿಕೊಂಡು ಅದಕ್ಕೆ ಹಳೆ ಸಿನಿಮಾದ ಹಿನ್ನೆಲೆಯನ್ನು ಹೊಲಿದಿವೆ.

ತೆರೆಗೆ ಬಂದದ್ದೇ ಅಧಿಕೃತ, ಪುಸ್ತಕದಲ್ಲಿ ಇದ್ದದ್ದು ಅಲ್ಲ ಎಂಬ ರೂಢಿಯನ್ನು ಅಭಿಮಾನಿಗಳು ಇಟ್ಟುಕೊಂಡದ್ದು ಈ ಗೋಜಲಿಗಾಗಿಯೇ. ಆದರೆ ಜೀಕ್ವಾಕ್ಸ್ ಕೂಡ ತೆರೆಗೇ ಬಂದದ್ದಲ್ವಾ? ಅಲ್ಲಿಗೆ ಆ ರೂಢಿಯೂ ಕೈಕೊಟ್ಟಿತು.

ನಮ್ಮ ಕಡೆಯ ತಾಳಮದ್ದಳೆ ನೋಡಿದವರಿಗೆ ಇದು ವಿಚಿತ್ರ ಅನ್ನಿಸಲಿಕ್ಕಿಲ್ಲ. ಪ್ರಸಂಗ ಒಂದೇ, ಪದ್ಯ ಒಂದೇ. ಅರ್ಥ ಹೇಳುವವರು ಬದಲಾದರೆ ಕೌರವನ ವಾದ ಬದಲಾಗುತ್ತದೆ, ಇವತ್ತು ಅವನೇ ಸರಿ ಅನ್ನಿಸಿಬಿಡುತ್ತದೆ. ಆದರೆ ಎಷ್ಟೇ ದೊಡ್ಡ ಅರ್ಥಧಾರಿಯಾದರೂ ಕೌರವನನ್ನು ಗೆಲ್ಲಿಸಿ ಮಂಗಳ ಹಾಡಿಸುವುದಿಲ್ಲ. ಜೀಕ್ವಾಕ್ಸ್ ದಾಟಿದ ಗೆರೆ ಅದು. ಟೊಮಿನೊ ಯಾರು ಸತ್ತರು, ಹೇಗೆ ಸತ್ತರು ಅನ್ನುವುದನ್ನು ಬದಲಿಸಿದ್ದ. ಯುದ್ಧದ ಫಲವನ್ನು ಮುಟ್ಟಿರಲಿಲ್ಲ.

ಜಿಯೋನ್ ಗೆಲುವು ಯಾಕೆ ಕಿರಿಕಿರಿ

ಜಿಯೋನ್ ಬರೀ ಎದುರು ಪಕ್ಷ ಅಲ್ಲ. ಅದರ ಸಮವಸ್ತ್ರ, ಘೋಷಣೆ, ಸಭೆಗಳು ಎಲ್ಲದರಲ್ಲೂ ನಾಜಿ ಜರ್ಮನಿಯ ನೆರಳಿದೆ. ಮೂಲ ಧಾರಾವಾಹಿಯಲ್ಲಿ ಜಿಯೋನ್‌ನ ಅರಸ ದೆಗ್ವಿನ್ ತನ್ನ ಮಗ ಗಿರೆನ್‌ಗೆ ಹಿಟ್ಲರ್ ಗೊತ್ತಾ ಎಂದು ಕೇಳಿ, ನೀನು ಅವನ ಬಾಲ ಅನ್ನುತ್ತಾನೆ. ಯುದ್ಧದ ಮೊದಲ ವಾರಗಳಲ್ಲೇ ಜಿಯೋನ್ ಒಂದು ಇಡೀ ವಸಾಹತನ್ನು ಭೂಮಿಯ ಮೇಲೆ ಬೀಳಿಸಿತು. ಸಿಡ್ನಿ ನಗರ ಇದ್ದ ಜಾಗದಲ್ಲಿ ಕುಳಿ ಉಳಿಯಿತು.

ಹಾಗಿದ್ದರೂ ಜಿಯೋನ್‌ಗೆ ಅಭಿಮಾನಿಗಳು ವಿಪರೀತ. ಕಾರಣ ಟೊಮಿನೊ ಅವರನ್ನು ಮನುಷ್ಯರಂತೆ ತೋರಿಸಿದ್ದು. ಅವರ ಯಂತ್ರಗಳು ಚೆಂದ ಇದ್ದದ್ದೂ ಒಂದು ಕಾರಣ. ಝಾಕು ಮಾದರಿ ಸದಾ ಖರ್ಚಾಗುತ್ತದೆ, ಶಾರ್‌ನ ಕೆಂಪು ಬಳಿದರೆ ಇನ್ನೂ ಖರ್ಚಾಗುತ್ತದೆ. ಯುದ್ಧದ ಎರಡೂ ಕಡೆ ತೋರಿಸಬೇಕು ಎಂಬ ಒಳ್ಳೆಯ ಉದ್ದೇಶ ನಿಧಾನಕ್ಕೆ, ಕೆಟ್ಟವರ ಉಡುಪು ಎಷ್ಟು ಚೆಂದ ಎಂಬ ಮೋಹಕ್ಕೆ ಹೊರಳಿತು. ಆ ಮೋಹಕ್ಕೆ ಮಾರುಕಟ್ಟೆ ಇತ್ತು, ಆದ್ದರಿಂದ ಅದು ಬೆಳೆಯಿತು.

ಈಗ ಅವರೇ ಗೆದ್ದ ಲೋಕ ಬಂದಾಗ ಒಂದು ಪ್ರಶ್ನೆ ಏಳಲೇಬೇಕು. ಅರ್ಧ ಮನುಕುಲದ ಸಾವಿಗೆ ಪಾಲುದಾರರಾದವರು ಆಳುವ ಲೋಕದಲ್ಲಿ ದಿನದ ಬದುಕು ಹೇಗಿರುತ್ತದೆ? ಜೀಕ್ವಾಕ್ಸ್ ಇದನ್ನು ಅಲ್ಲಲ್ಲಿ ಮುಟ್ಟುತ್ತದೆ. ನ್ಯಾನ್‌ಳ ನಿರಾಶ್ರಿತ ಬದುಕಿದೆ. ಬಡವರ ಕೇರಿಗೆ ನುಗ್ಗಿ ಒಡೆದುಹಾಕುವ ಮಿಲಿಟರಿ ಪೊಲೀಸರಿದ್ದಾರೆ. ಆದರೆ ಮುಟ್ಟಿ ಕೈ ತೆಗೆಯುತ್ತದೆ. ಕೊನೆಯ ಕಂತುಗಳು ಶಾರ್, ಲಾಲಾ, ಬಿಳಿ ಗನ್‌ಡಮ್‌ನ ಕಡೆಗೆ ಓಡುತ್ತವೆ. ಗನ್‌ಡಮ್ ಅಂದರೆ ಯುದ್ಧದ ಬಗ್ಗೆ ಮಾತಾಡುವುದು ಅಂತ ನಂಬಿದವರು ಮುನಿದದ್ದು ಇಲ್ಲಿ. ಅವರ ಮುನಿಸು ನ್ಯಾಯವಾದದ್ದೇ.

ಪ್ಲಾಸ್ಟಿಕ್ ಪೆಟ್ಟಿಗೆಯ ಲೆಕ್ಕ

ಕಂಪನಿ ಎಲ್ಲರನ್ನೂ ಯಾಕೆ ಒಟ್ಟಿಗೆ ಇಟ್ಟುಕೊಳ್ಳಲು ಹೆಣಗುತ್ತದೆ? ಇದಕ್ಕೆ 1979ರ ಸೋಲನ್ನೇ ನೋಡಬೇಕು. ಆಗ ಧಾರಾವಾಹಿಗೆ ದುಡ್ಡು ಹಾಕಿದ್ದು ಕ್ಲೋವರ್ ಎಂಬ ಆಟಿಕೆ ಕಂಪನಿ. ಟಿವಿಯಲ್ಲಿ ನೋಡುಗರು ಕಡಿಮೆ, ಆಟಿಕೆಯೂ ಅಂದುಕೊಂಡಷ್ಟು ಹೋಗಲಿಲ್ಲ. 52 ಕಂತುಗಳ ಯೋಜನೆ 43ಕ್ಕೇ ನಿಂತಿತು. 1980ರ ಜನವರಿಯಲ್ಲಿ ಕಥೆ ಅವಸರದಲ್ಲಿ ಮುಗಿಯಿತು.

ಆಮೇಲೆ ಆಟ ತಿರುಗಿತು. ಮರುಪ್ರಸಾರದಲ್ಲಿ ಹೈಸ್ಕೂಲು, ಕಾಲೇಜು ಓದುವವರು ಹಿಡಿದುಕೊಂಡರು. ಹುಡುಗಿಯರು ಮೊದಲಿನಿಂದಲೂ ಜಾಸ್ತಿಯೇ ಇದ್ದರು, ಗನ್‌ಡಮ್ ಗಂಡಸರ ಸ್ವತ್ತು ಅನ್ನುವವರು ಇದನ್ನು ಮರೆಯುತ್ತಾರೆ. 1980ರ ಜುಲೈಯಲ್ಲಿ ಬಂಡಾಯ್ ಕಂಪನಿ ಗನ್‌ಡಮ್‌ನ 1/144 ಅಳತೆಯ ಪ್ಲಾಸ್ಟಿಕ್ ಮಾದರಿ ಬಿಟ್ಟಿತು. ಬೆಲೆ 300 ಯೆನ್. ಬಿಳಿ ಪ್ಲಾಸ್ಟಿಕ್ಕಿನ ಚೌಕಟ್ಟಿನಿಂದ ತುಂಡುಗಳನ್ನು ಕತ್ತರಿಸಿ, ಗೋಂದು ಹಚ್ಚಿ ಕೂಡಿಸಿ, ಬಣ್ಣ ನೀವೇ ಬಳಿಯಬೇಕು. ಇದಕ್ಕೆ 'ಗನ್‌ಪ್ಲಾ' ಅಂತ ಹೆಸರು ಬಿತ್ತು. ಅಂಗಡಿ ಮುಂದೆ ಸಾಲು ನಿಂತಿತು. ಕ್ಲೋವರ್ 1983ರಲ್ಲಿ ಮುಳುಗಿತು. ಬಂಡಾಯ್ 1994ರಲ್ಲಿ ಸನ್‌ರೈಸ್ ಸ್ಟುಡಿಯೊವನ್ನೇ ಕೊಂಡುಕೊಂಡಿತು. ಗನ್‌ಪ್ಲಾ ಮಾರಾಟ 70 ಕೋಟಿ ದಾಟಿ ಕೆಲವು ವರ್ಷಗಳೇ ಆದವು. 2025ರ ಮಾರ್ಚ್‌ಗೆ ಮುಗಿದ ವರ್ಷ ಬಂಡಾಯ್ ನಾಮ್ಕೊ ಗುಂಪಿಗೆ ಗನ್‌ಡಮ್ ಒಂದರಿಂದಲೇ ಬಂದ ವಹಿವಾಟು 15,000 ಕೋಟಿ ಯೆನ್‌ಗೂ ಜಾಸ್ತಿ.

ಈ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ಕಥೆ ಮುಗಿದರೂ ಮಾದರಿ ಮಾರಾಟ ನಿಲ್ಲುವುದಿಲ್ಲ. 1979ರ ಗನ್‌ಡಮ್‌ಗೆ ಇವತ್ತೂ ಹೊಸ ಅಚ್ಚು ಬರುತ್ತದೆ, 1995ರದ್ದಕ್ಕೂ, 2002ರದ್ದಕ್ಕೂ. ಅರವತ್ತರ ಗಿರಾಕಿಗೂ ಹದಿನಾರರ ಗಿರಾಕಿಗೂ ಒಂದೇ ಕಪಾಟಿನಲ್ಲಿ ಪೆಟ್ಟಿಗೆಗಳಿವೆ. ಆದ್ದರಿಂದ 'ಇದೇ ಅಸಲಿ' ಅಂತ ಒಂದನ್ನು ಘೋಷಿಸಿದರೆ ಉಳಿದ ಪೆಟ್ಟಿಗೆಗಳ ಬೆಲೆ ತಾನೇ ಇಳಿಸಿದ ಹಾಗೆ. ಎಲ್ಲವೂ ಸರಿ, ನಿಮ್ಮ ನಿಮ್ಮ ಗನ್‌ಡಮ್ ನಿಮಗೆ ಅನ್ನುವುದೇ ಲಾಭ. ಬಹುಲೋಕದ ಕಥೆ ಈ ವ್ಯಾಪಾರಕ್ಕೆ ಹೇಳಿ ಮಾಡಿಸಿದ್ದು.

ಉತ್ತರ ಕೊಡದಿರುವ ಈ ಚಾಳಿ ಒಮ್ಮೆ ಕೈ ಸುಟ್ಟಿದೆ. 2022ರಲ್ಲಿ ಶುರುವಾದ 'ದಿ ವಿಚ್ ಫ್ರಮ್ ಮರ್ಕ್ಯುರಿ' ಮುಖ್ಯ ಟಿವಿ ಸರಣಿಗಳಲ್ಲಿ ಹುಡುಗಿಯೇ ನಾಯಕಿಯಾದ ಮೊದಲನೆಯದು. ಸುಲೆಟಾ ಮತ್ತು ಮಿಯೊರಿನೆ ಎಂಬ ಇಬ್ಬರು ಹುಡುಗಿಯರ ನಿಶ್ಚಿತಾರ್ಥದಿಂದ ಕಥೆ ತೊಡಗಿ, ಕೊನೆಯ ಕಂತಿನಲ್ಲಿ ಇಬ್ಬರ ಬೆರಳಲ್ಲೂ ಉಂಗುರ ಕಾಣುತ್ತದೆ. 2023ರ ಜುಲೈಯಲ್ಲಿ ಒಂದು ಪತ್ರಿಕೆಯ ಸಂದರ್ಶನದಲ್ಲಿ ಅವರ ಮದುವೆಯ ಪ್ರಸ್ತಾಪ ಅಚ್ಚಾಯಿತು. ಡಿಜಿಟಲ್ ಆವೃತ್ತಿಯಲ್ಲಿ ಆ ಪದ ಇರಲಿಲ್ಲ. ಕೇಳಿದ್ದಕ್ಕೆ, ಅದು ಸಂಪಾದಕರ ಊಹೆ, ಅರ್ಥ ನೋಡುಗರಿಗೆ ಬಿಟ್ಟದ್ದು ಎಂಬ ಹೇಳಿಕೆ ಬಂತು. ಕಣ್ಣಾರೆ ನೋಡಿದ್ದನ್ನೇ ಊಹೆ ಅಂದದ್ದಕ್ಕೆ ಹೊಸ ಅಭಿಮಾನಿಗಳು ಕೆರಳಿದರು. ಯಾರನ್ನೂ ನೋಯಿಸಬಾರದು ಅಂತ ಹೊರಟ ಜಾಣತನ, ಹೊಸದಾಗಿ ಬಂದವರನ್ನೇ ನೋಯಿಸಿತು.

12 ಕಂತುಗಳ ಇಕ್ಕಟ್ಟು

ಆಮೇಲೆ ಹೇಳುತ್ತೇನೆ ಅಂದ ಕಾರಣ ಇಲ್ಲಿದೆ. 'ಝೀಟಾ' 50 ಕಂತು. 1995ರ 'ವಿಂಗ್' 49. ವರ್ಷವಿಡೀ ವಾರಕ್ಕೊಂದು. ಅಷ್ಟು ಜಾಗದಲ್ಲಿ ಹೊಸ ಪಾತ್ರ ತಪ್ಪು ಮಾಡಿ, ಏಟು ತಿಂದು, ಬದಲಾಗಲು ಸಮಯವಿತ್ತು. 'ಮರ್ಕ್ಯುರಿ'ಗೆ ಎರಡು ಭಾಗ ಸೇರಿ 24. ಜೀಕ್ವಾಕ್ಸ್‌ಗೆ ಬರೀ 12.

ಆ 12ರಲ್ಲಿ ಎರಡು ಕೆಲಸ ಆಗಬೇಕಿತ್ತು. ಮೂವರು ಹೊಸಬರನ್ನು ಬೆಳೆಸಬೇಕು, 1979ರ ಲೆಕ್ಕವನ್ನೂ ಚುಕ್ತಾ ಮಾಡಬೇಕು. ಎರಡನೆಯದಕ್ಕೆ ಸಿದ್ಧ ಭಾವನೆ ಇದೆ. ಬಿಳಿ ಗನ್‌ಡಮ್ ತೋರಿಸಿದರೆ ಸಾಕು, ಹಳಬರ ಕಣ್ಣು ಒದ್ದೆಯಾಗುತ್ತದೆ. ಮೊದಲನೆಯದನ್ನು ಸೊನ್ನೆಯಿಂದ ಕಟ್ಟಬೇಕು. ಸಮಯ ಕಡಿಮೆ ಇದ್ದಾಗ ಯಾವ ತಂಡವಾದರೂ ಸಿದ್ಧ ಭಾವನೆಯ ಕಡೆಗೇ ವಾಲುತ್ತದೆ. ಪರಿಣಾಮ ತೆರೆಯ ಮೇಲಿದೆ. ನ್ಯಾನ್ ಒಂದು ಕಂತಿನಿಂದ ಇನ್ನೊಂದಕ್ಕೆ ಬೇರೆಯೇ ಮನುಷ್ಯಳಂತೆ ಕಾಣುತ್ತಾಳೆ. ಮಾಚು ಶೂಜಿಯನ್ನು ಅಷ್ಟೊಂದು ಹಚ್ಚಿಕೊಂಡದ್ದಕ್ಕೆ ಕಾರಣವನ್ನು ನೋಡುಗರೇ ಹುಡುಕಿಕೊಳ್ಳಬೇಕು.

ಇದು ಮೊದಲ ಜಗಳವಲ್ಲ

1994ರಲ್ಲಿ 'ಜಿ ಗನ್‌ಡಮ್' ಬಂದಾಗಲೂ 'ಇದು ಗನ್‌ಡಮ್ ಅಲ್ಲ' ಎಂಬ ಕೂಗೆದ್ದಿತ್ತು. ಯೂನಿವರ್ಸಲ್ ಸೆಂಚುರಿಯನ್ನೇ ಬಿಟ್ಟು ದೇಶ ದೇಶಗಳ ಗನ್‌ಡಮ್‌ಗಳು ಅಖಾಡದಲ್ಲಿ ಕುಸ್ತಿಗಿಳಿಯುವ ಕಥೆ. ಭಾರತದ ಪಾಲಿಗೆ ಬಂದದ್ದು ನಾಗರಹಾವಿನ ರೂಪದ 'ಕೋಬ್ರಾ ಗನ್‌ಡಮ್'. (ನಮಗೆ ಇನ್ನೇನು ಕೊಟ್ಟಾರು!) ಆಗ ಉಗುಳಿದವರೇ ಆಮೇಲೆ ಅದನ್ನು ಮುದ್ದಿನಿಂದ ನೆನೆಯುತ್ತಾರೆ. 2002ರ 'ಸೀಡ್' ಹಳೆಯದರ ನಕಲು, ಬರೀ ಚೆಂದದ ಹುಡುಗರ ಮೆರವಣಿಗೆ ಅಂತ ಬೈಸಿಕೊಂಡಿತು. ಅದನ್ನು ನೋಡಿ ಬೆಳೆದ ಮಕ್ಕಳು ದುಡಿಯುವವರಾದ ಮೇಲೆ, 2024ರ ಜನವರಿಯಲ್ಲಿ ಅದರ ಸಿನಿಮಾ ಬಂತು. 500 ಕೋಟಿ ಯೆನ್ ದಾಟಿ ಗನ್‌ಡಮ್ ಸಿನಿಮಾಗಳಲ್ಲೇ ಅತಿ ಹೆಚ್ಚು ಗಳಿಸಿತು.

ಎರಡು ದಶಕಕ್ಕೊಮ್ಮೆ ತಿರುಗುವ ಚಕ್ರ ಇದು. ಮೊದಲು ಅಪಚಾರ, ಆಮೇಲೆ ಬಾಲ್ಯದ ನೆನಪು, ಆಮೇಲೆ ಮಾರಾಟದ ಸರಕು. ಆದರೆ ಜೀಕ್ವಾಕ್ಸ್ ಈ ಚಕ್ರಕ್ಕೆ ಸಿಗುತ್ತದಾ ಅನ್ನುವುದು ಅನುಮಾನ. 'ಜಿ' ಮತ್ತು 'ಸೀಡ್' ಒಂದು ಹೊಸ ತಲೆಮಾರಿಗೆ ಪೂರ್ತಿ ಸ್ವಂತದ್ದನ್ನು ಕೊಟ್ಟಿದ್ದವು. ಜೀಕ್ವಾಕ್ಸ್ ನೋಡಿ ಗನ್‌ಡಮ್‌ಗೆ ಬಂದ ಹುಡುಗಿಗೆ ಸಿಕ್ಕಿದ್ದು ಅಪ್ಪನ ಕಾಲದ ಕಥೆಗೊಂದು ಬಾಗಿಲು. ಅವಳು ಆ ಬಾಗಿಲು ದಾಟಿ 1979ಕ್ಕೆ ಹೋದರೆ ಕಂಪನಿಗೆ ಖುಷಿ. ಮಾಚುಗಾಗಿ ಇಪ್ಪತ್ತು ವರ್ಷ ಕಾಯುತ್ತಾಳಾ ಅನ್ನುವುದು ಬೇರೆ ಮಾತು.

ಮುಂದೇನಾಗಬಹುದು

ಮೊದಲು ಚಿತ್ರಮಂದಿರ, ಆಮೇಲೆ ಚಿಕ್ಕ ಟಿವಿ ಸರಣಿ, ಮಧ್ಯೆ ಹಳೆ ಯಂತ್ರಕ್ಕೆ ಹೊಸ ರೂಪ. ಈ ಸೂತ್ರ ಮತ್ತೆ ಬರುವ ಸಾಧ್ಯತೆ ಹೆಚ್ಚು. ಒಂದೇ ಪಾತ್ರದ ಯಂತ್ರವನ್ನು ಎರಡು ಲೋಕಕ್ಕೆ ಎರಡು ಅಚ್ಚಿನಲ್ಲಿ ಮಾರಬಹುದು ಅಂತ ಗೊತ್ತಾದ ಮೇಲೆ ಯಾರು ಬಿಡುತ್ತಾರೆ? ಅಮೆರಿಕದ ಲೆಜೆಂಡರಿ ಕಂಪನಿ ಜೊತೆ ಸೇರಿ ನಿಜ ನಟರ ಗನ್‌ಡಮ್ ಸಿನಿಮಾ ಮಾಡಲು 2025ರಲ್ಲಿ ಒಪ್ಪಂದ ಆಗಿದೆ. ಅದು ಯಾವ ಲೋಕದ್ದು ಅಂತ ಜಗಳವಾಗುವುದೂ ಖಂಡಿತ. ಆದರೆ 1979ನ್ನು ನೋಡೇ ಇರದ ಹೊರದೇಶದ ನೋಡುಗರ ಮುಂದೆ ಬಿಳಿ ಗನ್‌ಡಮ್ ತೋರಿಸಿದರೆ ಯಾರ ಕಣ್ಣೂ ಒದ್ದೆಯಾಗುವುದಿಲ್ಲ. ಅಲ್ಲಿ ಯುದ್ಧದ ಕಥೆಯನ್ನೇ ಹೇಳಬೇಕಾಗುತ್ತದೆ.

ಅದಕ್ಕಿಂತ ಹತ್ತಿರದ ಪರೀಕ್ಷೆ 'ಹ್ಯಾಥವೇ'ಯದು. ಮೂರು ಸಿನಿಮಾಗಳ ಕಥೆ, ಕೊನೆಯದು ಬಾಕಿ ಇದೆ. ಕಾದಂಬರಿಯ ಅಂತ್ಯ 1990ರಿಂದಲೇ ಜಗಜ್ಜಾಹೀರು. ಬಂಡುಕೋರ ನಾಯಕ ಹ್ಯಾಥವೇ ಸಿಕ್ಕಿಬೀಳುತ್ತಾನೆ, ಗುಂಡಿಕ್ಕಿ ಕೊಲ್ಲುತ್ತಾರೆ. ಆ ಶಿಕ್ಷೆಗೆ ಅವನ ಅಪ್ಪ ಬ್ರೈಟ್ ನೋವಾನ ಹೆಸರು ಅಂಟಿಕೊಳ್ಳುತ್ತದೆ. ಅಮುರೊನ ಹಡಗಿನ ಕ್ಯಾಪ್ಟನ್ ಅವನು, 1979ರ ಮೊದಲ ಕಂತಿನಿಂದಲೂ ಇರುವವನು. ಸಿನಿಮಾದವರು ಇದನ್ನು ಹಾಗೇ ಇಟ್ಟರೆ ದೊಡ್ಡ ಪರದೆಯ ಗನ್‌ಡಮ್‌ನಲ್ಲಿ ಅದಕ್ಕಿಂತ ಕಹಿಯಾದ ಕೊನೆ ಇರಲಿಕ್ಕಿಲ್ಲ. ಬದಲಿಸಿದರೆ ಟೊಮಿನೊ ತಾನೇ ಕಮೀಲ್‌ನನ್ನು ಉಳಿಸಿದ ಪೂರ್ವನಿದರ್ಶನ ಅವರ ಕೈಯಲ್ಲಿದೆ. ಜೀಕ್ವಾಕ್ಸ್ ಬಂದ ಮೇಲೆ ಮೂರನೆಯ ದಾರಿಯೂ ತೆರೆದಿದೆ. ಈ ಲೋಕದಲ್ಲಿ ಸಾಯಲಿ, ಪಕ್ಕದ ಲೋಕದಲ್ಲಿ ಬದುಕಲಿ ಅನ್ನಬಹುದು. ಹಾಗೇನಾದರೂ ಮಾಡಿದರೆ, ಲಾಲಾಳ ಸಾವಿಗೇನು ಬೆಲೆ ಅಂತ ಕೇಳಿದ ಹಳಬರ ಜೊತೆ ಈ ಸಲ ಹೊಸಬರೂ ನಿಲ್ಲುತ್ತಾರೆ.